ಕಿವಿ ಮೇಸ್ತ್ರಿ ಕೇಳದೇ ಬಿಚ್ಚಿದ ಎಂಜಿನ್

ಕಿವಿ ಮೇಸ್ತ್ರಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ಇಡೀ ಬೀದಿಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬ ಕಿವಿ ಮೇಸ್ತ್ರಿಯೇ. ಹೆಂಡತಿಗೆ ಅರ್ಧ ಗೊತ್ತಿತ್ತು ಅನ್ನಿ. ಎದುರು ಮನೆಯವರಿಗೂ ಕೇಳುವ ಹಾಗೆ ಟೀವಿಯಲ್ಲಿ ವಾರ್ತೆ ಹಾಕಿಕೊಂಡು ಕೂರುವ ಗಂಡನಿಗೆ ಏನೋ ಆಗಿದೆ ಎಂದು ಅವಳು ಎರಡು ಸಲ ಡಾಕ್ಟರ ಹತ್ತಿರ ಹೋಗೋಣ ಎಂದಿದ್ದಳು. ಎರಡು ಸಲವೂ ಅವನು ಸಿಡುಕಿದ್ದ. ಮೂರನೆಯ ಸಲ ಅವಳು ಹೇಳಿದ್ದು ಅವನಿಗೆ ಕೇಳಿಸಲೇ ಇಲ್ಲ.

ಆ ಹೆಸರು ಸುಮ್ಮನೆ ಬಂದದ್ದಲ್ಲ, ಅದನ್ನೂ ಹೇಳಿಬಿಡಬೇಕು. ಮೊಳದಷ್ಟು ಉದ್ದದ ಒಂದು ಸ್ಕ್ರೂಡ್ರೈವರ್ ಅವನ ಹತ್ತಿರ ಇತ್ತು. ಅದರ ತುದಿಯನ್ನು ಓಡುವ ಎಂಜಿನ್ನಿಗೆ ಊರಿ, ಮರದ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಶೆಡ್ಡಿನಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಆಮೇಲೆ ಕಣ್ಣು ತೆರೆದು, ಮೂರನೇ ಸಿಲಿಂಡರಿನ ವಾಲ್ವು ಸಡಿಲ, ಇಲ್ಲವೇ ನೀರಿನ ಪಂಪಿನ ಬೇರಿಂಗು, ಎಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅದೇ. ಬೇರೆ ಶೆಡ್ಡಿನವರು ವಾರಗಟ್ಟಲೆ ತಡಕಾಡಿ ಕೈಚೆಲ್ಲಿದ ಗಾಡಿಗಳು ಕೊನೆಗೆ ಅವನ ಬಾಗಿಲಿಗೇ ಬರುತ್ತಿದ್ದವು. ಇಪ್ಪತ್ತೆಂಟು ವರ್ಷ ಹೀಗೆ ನಡೆಯಿತು.

ಎರಡು ವರ್ಷದ ಹಿಂದೆ ಒಂದು ಕೆಟ್ಟ ಜ್ವರ ಬಂದು ಎಡಗಿವಿ ಸೋರಲು ಶುರುವಾಯಿತು. ಅದು ಒಣಗುವಷ್ಟರಲ್ಲಿ ಬಲಗಿವಿಯೂ ಸೋರಿತು. ಆಮೇಲೆ ಲೋಕವೆಲ್ಲ ಹತ್ತಿ ತುರುಕಿದ ಹಾಗೆ ಆಯಿತು. ಎದುರಿಗೆ ನಿಂತು ತುಟಿ ಬಿಡಿಸಿ ಮಾತಾಡಿದರೆ ಅರ್ಥವಾಗುತ್ತಿತ್ತು, ಮುಖ ತಿರುಗಿಸಿದರೆ ಮುಗಿಯಿತು. ಮಜಾ ಎಂದರೆ ತಾನು ರಸ್ಕ್ ಕಡಿದರೆ ಮಾತ್ರ ತಲೆಬುರುಡೆಯೊಳಗೆ ಜಲ್ಲಿ ಒಡೆಯುವ ಮೆಷಿನ್ ಓಡಿದಷ್ಟು ಸದ್ದು. ಇದೆಂಥ ಹಣೆಬರಹ, ಲೋಕದ ಸದ್ದೆಲ್ಲ ಹೋಗಿ ನನ್ನ ಹಲ್ಲಿನ ಸದ್ದೊಂದು ಉಳಿಯಿತಲ್ಲ ಎಂದು ಬೆಳಗಿನ ಚಹಾದ ಜೊತೆ ದಿನಾ ಒಮ್ಮೆ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದ.

ಹೇಳಿಕೊಳ್ಳಬಹುದಿತ್ತಲ್ಲ? ಹೇಗೆ ಹೇಳುತ್ತಾನೆ? ಕಿವಿಯಿಂದಲೇ ಹೆಸರು ಬಂದವನು ಕಿವಿ ಹೋಯಿತು ಎಂದರೆ ಉಳಿಯುವುದೇನು? ಅದಕ್ಕೇ ನಾಟಕ ಹೂಡಿದ. ಗಿರಾಕಿ ಬಂದರೆ, "ಸದ್ದು ಹೇಗಿದೆ ಅಂತ ನೀವೇ ಮಾಡಿ ತೋರಿಸಿ, ನೀವು ಗಾಡಿನ ಎಷ್ಟು ಬಲ್ಲಿರಿ ನೋಡೋಣ" ಅನ್ನುವುದು. ಪಾಪ, ದೊಡ್ಡ ದೊಡ್ಡ ಮನುಷ್ಯರೆಲ್ಲ ಅವನೆದುರು ನಿಂತು ಬಾಯಿ ಸೊಟ್ಟ ಮಾಡಿ ಟಕಟಕ, ಕುಂಯ್ ಕುಂಯ್ ಮಾಡುವುದು. ಅವನು ತುಟಿ ನೋಡಿ, ಬಾನೆಟ್ ಮೇಲೆ ಅಂಗೈ ಇಟ್ಟು ಅದುರುವುದನ್ನು ನೋಡಿ, ಹೊಗೆ ಮೂಸಿ, ಅಂದಾಜಿನ ಮೇಲೆ ಒಂದು ಮಾತು ಹೇಳುವುದು. ಅನುಭವ ಇತ್ತಲ್ಲ, ಹತ್ತಕ್ಕೆ ಎಂಟು ಸರಿಹೋಗುತ್ತಿತ್ತು. ಮಾತು ಅರ್ಥವಾಗದಿದ್ದಾಗ ತಲೆ ಆಡಿಸಿ ಹೂಂ ಅನ್ನುವುದು, ತೀರಾ ಉದ್ದವಾದರೆ ನಕ್ಕುಬಿಡುವುದು. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂಬ ಒಂದೇ ಒಂದು ಮಾತು ಆ ಎರಡು ವರ್ಷದಲ್ಲಿ ಅವನ ಬಾಯಿಂದ ಬರಲಿಲ್ಲ.

ಹೀಗಿರುವಾಗ ಅಕ್ಕನ ಪಿಕಪ್ ಬಂತು.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು. ಅವನು ಶಾಲೆ ತಪ್ಪಿಸಿ ಗ್ಯಾರೇಜಿನ ಮುಂದೆ ನಿಂತಾಗ ದರದರ ಎಳೆದುಕೊಂಡು ಹೋದವಳು, ನಾಲ್ಕು ಸಲ ಎಳೆದು ಸಾಕಾಗಿ ಕೊನೆಗೆ ತಾನೇ ಗ್ಯಾರೇಜಿನವನ ಕೈಕಾಲು ಹಿಡಿದು ಕೆಲಸಕ್ಕೆ ಸೇರಿಸಿದವಳು. ಮಕ್ಕಳಿಲ್ಲ. ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಗಂಡ ನಡೆಸುತ್ತಿದ್ದ ಲಾಂಡ್ರಿಯನ್ನು ಈಗ ಅವಳೇ ನಡೆಸುತ್ತಾಳೆ. ಊರ ದೊಡ್ಡ ಆಸ್ಪತ್ರೆಯ ಹಾಸಿಗೆಬಟ್ಟೆಯನ್ನೆಲ್ಲ ತಂದು, ಒಗೆದು, ಇಸ್ತ್ರಿ ಮಾಡಿ, ಬೆಳಿಗ್ಗೆ ಏಳರೊಳಗೆ ವಾಪಸು ಮುಟ್ಟಿಸಬೇಕು. ಪಿಕಪ್ಪನ್ನು ಓಡಿಸುವವಳೂ ಅವಳೇ. ಇಪ್ಪತ್ತು ವರ್ಷದ ಹಳೇ ಗಾಡಿ, ಬಣ್ಣ ಹೋಗಿ ತಗಡು ಕಾಣುತ್ತದೆ, ಆದರೂ ಒಂದು ದಿನ ಅವಳನ್ನು ದಾರಿಯಲ್ಲಿ ಬಿಟ್ಟದ್ದಿಲ್ಲ.

ಅವತ್ತು ಅವಳು ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಅಲ್ಲಿ ಐದಾರು ಜನ ಇದ್ದರು. ಎಂಜಿನ್ ಓಡುತ್ತಲೇ ಇತ್ತು. ಅವಳು ಇಳಿದು, ಬಾನೆಟ್ ಎತ್ತಿ, ಎಂಜಿನ್ನಿನ ಕಡೆಗೇ ಬಗ್ಗಿ ಏನೇನೋ ಹೇಳಿದಳು. ಅವನು ಹೂಂ ಅಂದ. ಜನ ಎಲ್ಲ ಹತ್ತಿರ ಬಂದು ನಿಂತರು, ಕಿವಿ ಮೇಸ್ತ್ರಿಯ ಸ್ಕ್ರೂಡ್ರೈವರ್ ನೋಡಿ ಬಹಳ ದಿನವಾಗಿತ್ತು. ಬೇರೆ ದಾರಿ ಇರಲಿಲ್ಲ. ತುದಿ ಊರಿದ, ಹಿಡಿಯನ್ನು ಕಿವಿಗೆ ಒತ್ತಿದ, ಕಣ್ಣು ಮುಚ್ಚಿದ. ಹತ್ತಿ. ಬರೀ ಹತ್ತಿ.

ಮೊದಲಾಗಿದ್ದರೆ ಅವನು ಎಂಜಿನ್ ನಿಲ್ಲಿಸಿ, ಮುಂದಿನ ಬೆಲ್ಟ್ ಕಳಚಿ, ಮತ್ತೆ ಶುರುಮಾಡಿ ಕೇಳುತ್ತಿದ್ದ. ಸದ್ದು ಒಳಗಿನದೋ ಹೊರಗಿನದೋ ಎಂದು ತಿಳಿಯಲು ಅದು ಮೊದಲ ಹೆಜ್ಜೆ, ಅವನೇ ಎಷ್ಟೋ ಜನಕ್ಕೆ ಕಲಿಸಿದ್ದು. ಈಗ ಕಳಚಿ ಮಾಡುವುದೇನು? ಕಣ್ಣು ತೆರೆದು ಸುತ್ತಲಿನ ಮುಖ ನೋಡಿದ. ಎಲ್ಲರ ಹುಬ್ಬೂ ಗಂಟಿಕ್ಕಿತ್ತು, ಅಂದರೆ ಸದ್ದು ಭಾರೀ ಇರಬೇಕು. ಹಳೇ ಗಾಡಿ, ದಿನಾ ಒದ್ದೆ ಬಟ್ಟೆಯ ಹೊರೆ. ಲೆಕ್ಕ ಹಾಕಿದ.

"ಬೇರಿಂಗ್ ಹೋಗಿದೆ ಅಕ್ಕಾ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು."

ಅಕ್ಕನ ಮುಖ ಕಪ್ಪಿಟ್ಟಿತು. ಆಸ್ಪತ್ರೆಯಲ್ಲಿ ಹೊಸ ಕಟ್ಟಡ ಒಂದನೇ ತಾರೀಖಿಗೆ ತೆರೆಯುತ್ತದೆ, ಬಟ್ಟೆ ಎರಡರಷ್ಟಾಗುತ್ತದೆ, ಅಷ್ಟರೊಳಗೆ ಗಾಡಿ ಇಲ್ಲದಿದ್ದರೆ ಆ ಕೆಲಸ ಕೈತಪ್ಪುತ್ತದೆ ಎಂದಳು, ಈ ಸಲ ಎದುರಿಗೇ ನಿಂತು. ಇನ್ನು ಹನ್ನೊಂದೇ ದಿನ. ಜನರಲ್ಲಿ ಒಬ್ಬ, ಬೇರೆ ಕಡೆಯೂ ಒಮ್ಮೆ ತೋರಿಸಬಾರದೇ ಎಂದ. ಅಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. "ನನ್ನ ತಮ್ಮ ಕೇಳಿ ಹೇಳಿದ್ಮೇಲೆ ಮುಗೀತು" ಎಂದು ಬೀಗದ ಕೈಯನ್ನು ತಮ್ಮನ ಅಂಗೈಯಲ್ಲಿಟ್ಟು ನಡೆದುಕೊಂಡು ಹೋದಳು. ಆ ಮಾತು ಮಾತ್ರ ಅವನಿಗೆ ತುಟಿಯ ಮೇಲೆ ಸ್ಪಷ್ಟವಾಗಿ ಕಂಡಿತು.

ನಾಲ್ಕು ದಿನ ಬಿಚ್ಚಿದ. ಬಿಚ್ಚುವುದರಲ್ಲಿ ಅವನಿಗೆ ಸುಖವಿತ್ತು, ಅಲ್ಲಿ ಕಿವಿಯ ಕೆಲಸವಿಲ್ಲ. ಹೆಡ್ ಇಳಿಸಿ, ಪಿಸ್ಟನ್ ತೆಗೆದು, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯ ಮೇಲೆ ಸಾಲಾಗಿ ಜೋಡಿಸಿದ. ಒಂದು ರಟ್ಟಿನ ಡಬ್ಬಿ ಹರಿದು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿ ಅದರ ಮೇಲೆ ಕಟ್ಟುವ ಯೋಜನೆ ಬರೆದ. ಪಿಸ್ಟನ್, ರಿಂಗು, ಬೇರಿಂಗು, ಚೈನು, ಆಯಿಲ್ ಪಂಪು. ಯಾವ ದಿನ ಏನು ಬರಬೇಕು, ಯಾವ ದಿನ ಯಾವುದು ಕೂರಬೇಕು, ಎಂಜಿನ್ ಮತ್ತೆ ಯಾವ ಬೆಳಿಗ್ಗೆ ಗಾಡಿಯೊಳಗೆ ಇಳಿಯಬೇಕು. ಅಕ್ಷರ ದುಂಡಗಿತ್ತು. ಕಟ್ಟಿದರೆ ಇನ್ನಿಪ್ಪತ್ತು ವರ್ಷ ಓಡುವ ಹಾಗೆ ಕಟ್ಟುತ್ತೇನೆ, ಅಕ್ಕನಿಗೆ ಅಷ್ಟಾದರೂ ಮಾಡಬೇಡವೇ ಎಂದು ಅವನ ಮನಸ್ಸು ಹಗುರಾಗಿತ್ತು.

ಐದನೆಯ ದಿನ ಬೇರಿಂಗುಗಳನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಗೀರಿಲ್ಲ. ಎಲ್ಲವೂ ಸಮನಾಗಿ, ಬೂದಿ ಬಣ್ಣದಲ್ಲಿ, ಇನ್ನೂ ವರ್ಷಗಟ್ಟಲೆ ಬಾಳುವ ಹಾಗಿದ್ದವು. ಉಗುರಿನಿಂದ ಕೆರೆದ, ಕನ್ನಡಕ ಒರೆಸಿ ಮತ್ತೆ ನೋಡಿದ. ಪಿಸ್ಟನ್ ನೋಡಿದ. ಸಿಲಿಂಡರಿನೊಳಗೆ ಬೆರಳಾಡಿಸಿದ. ಕೆಡುವುದಿರಲಿ, ಸವೆದದ್ದೂ ಅಷ್ಟಕ್ಕಷ್ಟೇ. ಆರೋಗ್ಯವಂತ ಎಂಜಿನ್ನನ್ನು ಅವನು ಕೈಯಾರೆ ನೂರು ಚೂರು ಮಾಡಿ ಗೋಣಿಯ ಮೇಲೆ ಹರಡಿದ್ದ.

ಟೈರಿನ ಮೇಲೆ ಕುಸಿದು ಕೂತ. ತಪ್ಪು ಹೇಳಿದ್ದು ಒಂದು ಪಾಲು, ಅದಕ್ಕಿಂತ ಘೋರವಾದದ್ದು ಇನ್ನೊಂದಿತ್ತು. ಎಲ್ಲರೂ ಕೇಳಿದ ಆ ಸದ್ದು ಎಲ್ಲೋ ಇರಲೇಬೇಕಲ್ಲ. ಅದು ಎಲ್ಲಿದೆ? ಬಿಚ್ಚಿದ ಎಂಜಿನ್ ಸದ್ದು ಮಾಡುವುದಿಲ್ಲ, ಕಟ್ಟಿದರೆ ಇವನಿಗೆ ಕೇಳಿಸುವುದಿಲ್ಲ. ಹೊಸ ಸಾಮಾನೆಲ್ಲ ಹಾಕಿ ಕಟ್ಟಿ ಕೊಟ್ಟ ಮೇಲೆ, ಒಂದನೇ ತಾರೀಖಿನ ಬೆಳಿಗ್ಗೆ ಅಕ್ಕ ಗಾಡಿ ಶುರುಮಾಡಿದರೆ ಅದೇ ಸದ್ದು ಬರುತ್ತದೆ. ಅಷ್ಟು ಜನರ ಎದುರು ಅವಳು ಇವನ ಮುಖ ನೋಡುತ್ತಾಳೆ.

ಹೆದರಿದ ಮನುಷ್ಯ ಎಂಥ ಕೆಲಸಕ್ಕೂ ಇಳಿಯುತ್ತಾನೆ ನೋಡಿ. ಬೇರಿಂಗುಗಳೊಳಗೆ ತಿರುಗುವ ದಪ್ಪ ದಂಡವಾದ ಕ್ರ್ಯಾಂಕನ್ನು ಗೋಣಿಯಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು ಲೇತ್ ಅಣ್ಣನ ಹತ್ತಿರ ಹೋದ. ಲೇತ್ ಅಣ್ಣ ಅಂದರೆ ಆ ಬೀದಿಯ ಕೊನೆಯಲ್ಲಿ ನಲವತ್ತು ವರ್ಷದಿಂದ ಕಬ್ಬಿಣ ಕಡೆಯುವ ಲೇತ್ ನಡೆಸುವ ಹಿರಿಯ. ಅವನು ಅಳೆದ, ತಿರುಗಿಸಿ ಅಳೆದ, ಹಣೆ ತುರಿಸಿಕೊಂಡ. ಇದಕ್ಕೇನಾಗಿದೆ, ಯಾಕೆ ತಂದೆ ಎಂದು ಕೇಳಿದ. ಮೇಸ್ತ್ರಿ ಅವನ ಕಣ್ಣು ತಪ್ಪಿಸಿ, ಸಾಣೆಕಲ್ಲಿಗೆ ಕೊಟ್ಟು ಕೂದಲಿನಷ್ಟು ತೆಗೆದುಬಿಡು ಎಂದ. ಸವೆಯದ್ದನ್ನು ಸವೆಸಿಬಿಟ್ಟರೆ ತಾನು ಹೇಳಿದ್ದು ನಿಜವಾಗುತ್ತದಲ್ಲ. ಲೇತ್ ಅಣ್ಣ ಕ್ರ್ಯಾಂಕನ್ನು ಮತ್ತೆ ಗೋಣಿಯಲ್ಲಿ ಸುತ್ತಿ ಅವನ ಕೈಗೇ ಕೊಟ್ಟ. "ಒಳ್ಳೇ ಕ್ರ್ಯಾಂಕಿಗೆ ಕಲ್ಲು ಮುಟ್ಟಿಸು ಅಂತ ನನಗೆ ಯಾರೂ ಹೇಳಿಲ್ಲ. ನೀನು ಹೇಳ್ತಿದ್ದೀಯ ಅಂದ್ರೆ ಏನೋ ಇರಬೇಕು. ನಾಳೆ ಹನ್ನೊಂದಕ್ಕೆ ತಗೊಂಡು ಬಾ." ಅವನೂ ನಂಬಿದ. ನಂಬಿದ್ದಕ್ಕೇ ಮೇಸ್ತ್ರಿ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ.

ಮರುದಿನ ಎಂಟಕ್ಕೇ ಶೆಡ್ಡಿಗೆ ಬಂದ. ಕೂತರೆ ಯೋಚನೆ ತಿನ್ನುತ್ತದೆ, ಕೈಗೆ ಏನಾದರೂ ಕೆಲಸ ಬೇಕಿತ್ತು. ಗೋಡೆಯ ಮೊಳೆಯಲ್ಲಿ ಕ್ರ್ಯಾಂಕಿನ ಪುಲ್ಲಿ ತೂಗುತ್ತಿತ್ತು, ಎಂಜಿನ್ನಿನ ಮೂತಿಗೆ ಕೂತು ಬೆಲ್ಟನ್ನು ತಿರುಗಿಸುವ ಆ ದಪ್ಪ ಚಕ್ರ. ಅದು ಯೋಜನೆಯ ರಟ್ಟಿನಲ್ಲಿ ಇರಲೇ ಇಲ್ಲ, ಯಾಕೆಂದರೆ ಹಳೆಯದನ್ನೇ ಒರೆಸಿ ಹಾಕುವ ಸಾಮಾನದು. ಮೇಲೆಲ್ಲ ಜಿಡ್ಡು ಹೆಪ್ಪುಗಟ್ಟಿತ್ತು. ಬೆಂಚಿಗೆ ಜೋಡಿಸಿದ ವೈಸಿಗೆ ಕಚ್ಚಿಸಿ, ಸ್ಕ್ರೂಡ್ರೈವರಿನಿಂದ ಜಿಡ್ಡು ಎಬ್ಬಿಸಿದ. ತಂತಿಬ್ರಷ್ಷು ಬೇಕಾಯಿತು. ಒಂದು ಕೈ ಪುಲ್ಲಿಯ ಮೇಲೆ, ಇನ್ನೊಂದು ಬೆಂಚಿನ ಕೆಳಗೆ ಬ್ರಷ್ ಹುಡುಕುತ್ತ. ಸ್ಕ್ರೂಡ್ರೈವರಿನ ಹಿಡಿಯನ್ನು ಎಲ್ಲ ಮೇಸ್ತ್ರಿಗಳ ಹಾಗೆ ಹಲ್ಲಲ್ಲಿ ಕಚ್ಚಿಕೊಂಡಿದ್ದ. ಬಗ್ಗಿದಾಗ ಅದರ ತುದಿ ಪುಲ್ಲಿಗೆ ಒತ್ತಿತು, ಅಂಗೈ ಜಾರಿ ಪುಲ್ಲಿಯ ಅಂಚಿಗೆ ಬಡಿಯಿತು.

ಟಕ್.

ತಲೆಬುರುಡೆಯ ನಟ್ಟನಡುವೆ. ಅವನು ಬೆಚ್ಚಿ ನೆಟ್ಟಗಾದ, ಸುತ್ತ ನೋಡಿದ. ಯಾರೂ ಇರಲಿಲ್ಲ. ಮತ್ತೆ ಬಗ್ಗಿ, ಹಿಡಿಯನ್ನು ಬಿಗಿಯಾಗಿ ಕಚ್ಚಿ, ತುದಿಯನ್ನು ಊರಿ, ಸಣ್ಣ ಸುತ್ತಿಗೆಯಿಂದ ಬಡಿದ. ಟಕ್. ಒಡೆದ ಮಡಕೆಯ ಹಾಗೆ. ಓಡಿಹೋಗಿ ಕ್ರ್ಯಾಂಕಿಗೆ ಊರಿ ಬಡಿದ, ಅದು ಶಾಲೆಯ ಗಂಟೆಯಂತೆ ಉದ್ದಕ್ಕೆ ಮೊಳಗಿತು. ಪಿಸ್ಟನ್ನಿನ ರಾಡುಗಳು, ಒಂದೊಂದಾಗಿ, ನಾಲ್ಕೂ ಮೊಳಗಿದವು. ಪುಲ್ಲಿ ಮಾತ್ರ ಟಕ್. ಎರಡು ವರ್ಷದ ಮೇಲೆ ಅವನಿಗೆ ಕಬ್ಬಿಣದ ದನಿ ಕೇಳಿತ್ತು. ಅವನು ಕಚ್ಚಿದ ಸ್ಕ್ರೂಡ್ರೈವರ್ ಬಿಡದೆ ಅಲ್ಲೇ ನಿಂತು ಅತ್ತ.

ಬ್ರಷ್ ತಂದು ಉಜ್ಜಿದಾಗ ಕಣ್ಣಿಗೂ ಕಂಡಿತು. ಪುಲ್ಲಿಯ ಒಳಗಿನ ಬುಡಕ್ಕೂ ಹೊರಗಿನ ಬಳೆಗೂ ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತದೆ, ಅದು ಸುತ್ತಲೂ ಬಿಟ್ಟುಕೊಂಡಿತ್ತು. ಹೊರಗಿನ ಬಳೆಗೆ ಒಂದು ಕಡೆ ಪೆಟ್ಟು ಬಿದ್ದ ಗುರುತೂ ಇತ್ತು. ಎಂಜಿನ್ ತಿರುಗಿ ಬೆಲ್ಟ್ ಎಳೆದಂತೆಲ್ಲ ಬಳೆ ಬುಡಕ್ಕೆ ಬಡಿದು, ಬೇರಿಂಗ್ ಹೋದ ಹಾಗೇ ಸದ್ದು ಮಾಡುತ್ತದೆ. ಬೆಲ್ಟ್ ಕಳಚಿ ಕೇಳಿದ್ದರೆ ಅರ್ಧ ಗಂಟೆಯ ಕೆಲಸ.

ಈಗ ಅವನ ಸ್ಥಿತಿ ಇನ್ನೂ ಬಿಗಿಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೊಸ ಪುಲ್ಲಿ ಹಾಕಿ, ಎಂಜಿನ್ ಕಟ್ಟಿ, ಎಲ್ಲ ರಿಪೇರಿ ಮಾಡಿದೆ ಎಂದರೆ ಸದ್ದು ಹೋಗಿರುತ್ತದೆ, ಅಕ್ಕ ಊರಿಗೆಲ್ಲ ತಮ್ಮನನ್ನು ಹೊಗಳುತ್ತಾಳೆ. ಹೆಸರು ಉಳಿಯುತ್ತದೆ. ಅವನು ಇದನ್ನು ಯೋಚಿಸಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಚೆನ್ನಾಗಿಯೇ ಯೋಚಿಸಿದ, ಹತ್ತು ಗಂಟೆಯವರೆಗೂ ಯೋಚಿಸಿದ. ಅಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು.

ಅಕ್ಕ. ಬಾಡಿಗೆ ಗಾಡಿಯಿಂದ ಬಟ್ಟೆ ಇಳಿಸಿ ನೇರ ಬಂದಿದ್ದಳು, ತೋಳೆಲ್ಲ ಒದ್ದೆ. ಮೊದಲು ವಾರಕ್ಕೊಮ್ಮೆ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದವಳು ಈಗ ಒಂದು ವರ್ಷದಿಂದ ಮನೆಯ ಕಡೆ ತಲೆ ಹಾಕಿರಲಿಲ್ಲ. ಏನೋ ಕೆಲಸದ ಒತ್ತಡ ಎಂದು ಅವನು ಅದನ್ನು ಅಲ್ಲಿಗೇ ಬಿಟ್ಟಿದ್ದ. ಬಿಚ್ಚಿ ಹರಡಿದ್ದನ್ನೆಲ್ಲ ಅವಳು ನೋಡಿದಳು, ಗೋಡೆಯ ರಟ್ಟನ್ನು ಓದಿದಳು, ಕರ್ಚೀಫನ್ನು ಬಾಯಿಗೆ ಒತ್ತಿ ಭುಜ ಅಲುಗಿಸಿದಳು. ಅದು ಕೆಮ್ಮು ಎಂದು ಅವನಿಗೆ ಆಗ ಹೊಳೆಯಿತು. ಎಷ್ಟು ದಿನದ ಕೆಮ್ಮೋ. ಯೋಚಿಸಿಟ್ಟ ಮಾತೆಲ್ಲ ಅಲ್ಲೇ ಕುಸಿದು ಬಿತ್ತು.

"ಅಕ್ಕಾ, ನನಗೆ ಕಿವಿ ಕೇಳಿಸಲ್ಲ."

ಅವಳು ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. ಅವನು ಎಲ್ಲವನ್ನೂ ಕಕ್ಕಿದ. ಜ್ವರ, ಹತ್ತಿ, ತುಟಿ ನೋಡುವುದು, ಏನೂ ಕೇಳದೇ ಬೇರಿಂಗ್ ಎಂದದ್ದು, ಒಳ್ಳೇ ಕ್ರ್ಯಾಂಕನ್ನು ಕಲ್ಲಿಗೆ ಕೊಡಲು ಹೊರಟದ್ದು, ಪುಲ್ಲಿ. ಪುಲ್ಲಿಯನ್ನು ಅವಳ ಕೈಗೇ ಕೊಟ್ಟ. ಅವಳು ಪೆಟ್ಟಿನ ಗುರುತಿನ ಮೇಲೆ ಬೆರಳಾಡಿಸಿದಳು.

"ಇದನ್ನೇ ಅಲ್ವೇನೋ ನಾನು ಅವತ್ತು ಹೇಳಿದ್ದು," ಎಂದಳು. "ಆಸ್ಪತ್ರೆ ಹಿಂದಿನ ಗೇಟಲ್ಲಿ ಕಲ್ಲಿನ ಮೇಲೆ ಹತ್ತಿ ಮುಂದುಗಡೆ ಕೆಳಗೆ ಬಡೀತು, ಆವತ್ತಿಂದ ಈ ಸದ್ದು ಅಂತ. ನೀನು ಹೂಂ ಅಂದೆ."

ಅವನು ತಲೆ ತಗ್ಗಿಸಿದ. ಹೂಂ ಅಂದದ್ದು ನಿಜ. ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ಎತ್ತಿದಳು, ತಲೆ ಬಾಚುವಾಗ ಎತ್ತುತ್ತಿದ್ದ ಹಾಗೆ, ಮತ್ತು ತುಟಿ ಬಿಡಿಸಿ ನಿಧಾನವಾಗಿ ಕೇಳಿದಳು.

"ಪುಟ್ಟಾ, ಹಾಗಾದ್ರೆ ಆ ರೂಮಿನ ಮಾತೂ ನಿನಗೆ ಕೇಳಿಸಲಿಲ್ವಾ?"

ಯಾವ ರೂಮು ಎಂದ ಅವನು.

ಅವಳು ಹೇಳಿದಳು. ಹೋದ ವರ್ಷ, ಇದೇ ಶೆಡ್ಡಿನಲ್ಲಿ, ಆಯಿಲ್ ಬದಲಾಯಿಸಲು ಬಂದ ದಿನ. ಲಾಂಡ್ರಿಯ ಮೇಲಿನ ರೂಮಿನಲ್ಲಿ ಅವಳ ವಾಸ, ಕೆಳಗೆ ಬಾಯ್ಲರು. ಹಬೆಗೆ ಗೋಡೆ ಬೆವರುತ್ತದೆ, ಹಾಸಿಗೆ ಒಣಗುವುದಿಲ್ಲ, ಎದೆಗೆ ಕಫ ಕಟ್ಟಿದೆ, ಅಲ್ಲಿಂದ ಹೊರಬೀಳದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕೇಳಲು ನಾಚಿಕೆಯಾಗಿ, ಅವನ ಮುಖ ನೋಡದೆ, ಗಾಡಿಯ ಬಾಗಿಲು ಒರೆಸುತ್ತ ಕೇಳಿದ್ದಳು. ನಿಮ್ಮ ಮನೆಯ ಹಿಂದಿನ ರೂಮಿಗೆ ಬಂದಿರಲಾ ಎಂದು.

"ನೀನು ನಕ್ಕೆ," ಎಂದಳು ಅಕ್ಕ. "ನಕ್ಕು, ಆಯಿಲ್ ಮಾತ್ರ ನೋಡ್ಕೊಂಡಿರು, ಉಳಿದದ್ದೆಲ್ಲ ಹಾಗೇ ನಡೀತಿರುತ್ತೆ ಅಂದೆ."

ಅವನಿಗೆ ಆ ದಿನ ನೆನಪಿಗೆ ಬಂತು. ಬಾಗಿಲು ಒರೆಸುವ ಅಕ್ಕನ ಬೆನ್ನು. ಮಾತು ಉದ್ದವಾಗಿತ್ತು, ಅದಕ್ಕೇ ನಕ್ಕಿದ್ದ. ಒಂದು ವರ್ಷ ಅವಳು ಆ ನಗುವನ್ನು ಎದೆಯಲ್ಲಿಟ್ಟುಕೊಂಡು, ಆ ಹಬೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಬಟ್ಟೆ ಹೇರಿಕೊಂಡು ಓಡಾಡಿದ್ದಳು. ಆ ಮೇಲೂ ಗಾಡಿ ಕೆಟ್ಟಾಗ ಬೀಗದ ಕೈಯನ್ನು ತಂದು ಇವನ ಅಂಗೈಯಲ್ಲೇ ಇಟ್ಟಿದ್ದಳು. ಬಾ ಅಕ್ಕಾ, ಇವತ್ತೇ ಬಾ ಎಂದು ತೊದಲಿದ. ಅವಳು ಕೈಯಾಡಿಸಿಬಿಟ್ಟಳು. "ಈಗ ಬೇಡ ಬಿಡೋ. ಅಭ್ಯಾಸ ಆಗೋಗಿದೆ. ಮೊದಲು ಗಾಡಿ ಕಟ್ಟಿ ಕೊಡು."

ಅವನು ಗೋಡೆಯ ರಟ್ಟಿನ ಹತ್ತಿರ ಹೋಗಿ ಪಿಸ್ಟನ್ ಎಂದು ಬರೆದದ್ದನ್ನು ಹೊಡೆದುಹಾಕಿದ, ಬೇರಿಂಗ್ ಹೊಡೆದುಹಾಕಿದ, ಚೈನು, ಪಂಪು, ಎಲ್ಲವನ್ನೂ ಹೊಡೆದುಹಾಕಿದ. ಬಿಚ್ಚಿದ ಮೇಲೆ ಹೊಸದೇ ಬೇಕಾದ ರಿಂಗು ಉಳಿಯಿತು. ಅದರ ಕೆಳಗೆ ಗ್ಯಾಸ್ಕೆಟ್, ಪುಲ್ಲಿ ಎಂದು ಬರೆದ. ಈ ಸಲ ಅಕ್ಷರ ಸೊಟ್ಟಾಯಿತು. ತಿರುಗಿ ನೋಡಿದಾಗ ಅಕ್ಕ ಆಗಲೇ ಬಾಗಿಲು ದಾಟಿದ್ದಳು. ಹೋಗುತ್ತ ಹೋಗುತ್ತ, ರಸ್ತೆಯ ಕಡೆ ಮುಖ ಮಾಡಿಕೊಂಡೇ, ಅವಳ ಕತ್ತು ಚೂರು ಅಲುಗಿತು. ಏನೋ ಹೇಳಿದಳು.

ಹೂಂ ಎಂಬುದು ಗಂಟಲಿನ ತನಕ ಬಂದಿತ್ತು. ಅವನು ಅದನ್ನು ನುಂಗಿ, ಗೋಣಿಯ ಮೇಲಿನ ರಾಡುಗಳನ್ನು ತುಳಿದುಕೊಂಡೇ ಓಡಿ, ಅವಳನ್ನು ಬಳಸಿ ಮುಂದೆ ಹೋಗಿ ಎದುರಿಗೆ ನಿಂತ.

"ಕೇಳಿಸಲಿಲ್ಲ ಅಕ್ಕಾ. ಇನ್ನೊಂದ್ಸಲ ಹೇಳು."

ಅವಳು ಒಂದೊಂದೇ ಪದ ಬಿಡಿಸಿ ಹೇಳಿದಳು.

"ಆ ರೂಮಿಗೆ ಕಿಟಕಿ ಇದೆಯಾ ಅಂತ ಕೇಳಿದೆ."

ಅವನು ಇದೆ ಎಂದು ತಲೆ ಆಡಿಸಿದ. ಇತ್ತು. ಹಳೇ ಗೇರ್‌ಬಾಕ್ಸುಗಳನ್ನು ಆ ರೂಮಿನಲ್ಲಿ ಸೂರಿನ ತನಕ ಒಟ್ಟಿ ಹದಿನೈದು ವರ್ಷವಾಗಿತ್ತು, ಅವುಗಳ ಹಿಂದೆ ಇತ್ತು. ಅವತ್ತು ಹನ್ನೊಂದಕ್ಕೆ ಲೇತ್ ಅಣ್ಣ ಕಾದದ್ದೇ ಬಂತು. ಕಿವಿ ಮೇಸ್ತ್ರಿ ಶೆಡ್ಡಿನ ಬಾಗಿಲೆಳೆದು ಮನೆಗೆ ಹೋಗಿ ಮೊದಲನೇ ಗೇರ್‌ಬಾಕ್ಸನ್ನು ಹೊರಗೆ ಎಳೆಯುತ್ತಿದ್ದ.